ಹಳೆಯ ಪದ್ಮಿನಿಯ ಕಾಣದ ಟೊಳ್ಳುಗಳಿಗೆ ತುಕ್ಕು ಹಿಡಿಯದಂತೆ ಮಾಡುವುದು ಹೇಗೆ?

ಪ್ರಶ್ನೆ: ನಮ್ಮ ತಂದೆಯವರು 1986ರಲ್ಲಿ ಕೊಂಡ ಪ್ರೀಮಿಯರ್ ಪದ್ಮಿನಿ ಕಾರನ್ನು ಮತ್ತೆ ಓಡುವಂತೆ ಮಾಡಿಸುತ್ತಿದ್ದೇನೆ. ಮನೆ ಕುಂದಾಪುರದ ಹತ್ತಿರ, ಸಮುದ್ರಕ್ಕೆ ಒಂದೂವರೆ ಕಿಲೋಮೀಟರ್. ಟಿಂಕರಿಂಗ್ ಅರ್ಧ ಮುಗಿದಿದೆ. ಎಡಬದಿಯ ರನ್ನಿಂಗ್ ಬೋರ್ಡನ್ನು (ಬಾಗಿಲಿನಡಿಯ ಟೊಳ್ಳು ಪಟ್ಟಿಯನ್ನು) ಹೊಸ ತಗಡಿನಲ್ಲಿ ಮಾಡಿ ಮುಚ್ಚಿದ್ದಾರೆ. ಬಲಬದಿಯದು ಗಟ್ಟಿಯಿದೆ ಎಂದು ಹಾಗೇ ಬಿಟ್ಟಿದ್ದಾರೆ. ಕೈ ಹೋಗದ ಈ ಟೊಳ್ಳುಗಳ ಒಳಗೆ ಮುಂದೆ ತುಕ್ಕು ಹಿಡಿಯದಂತೆ ಏನು ಮಾಡಬೇಕು? ಸುಟ್ಟ ಎಂಜಿನ್ ಆಯಿಲ್ ಹೊಡೆದರೆ ಸಾಕು ಎಂದು ಮೇಸ್ತ್ರಿ ಹೇಳುತ್ತಾರೆ. ನೆರೆಯವರೊಬ್ಬರು ದೋಣಿಗೆ ಹಚ್ಚುವ ಗೇರೆಣ್ಣೆಯೇ (ಗೇರುಬೀಜದ ಸಿಪ್ಪೆಯ ಎಣ್ಣೆಯೇ) ಒಳ್ಳೆಯದು ಎನ್ನುತ್ತಾರೆ. ಇನ್ನೊಬ್ಬರು ಫೋಮ್ ತುಂಬಿಸಿ ಮುಚ್ಚಿಬಿಡಿ ಎನ್ನುತ್ತಾರೆ.

ಉತ್ತರ: ಬಣ್ಣಕ್ಕೆ ಕೊಡುವ ಮೊದಲೇ ನೀವು ಇದನ್ನು ಕೇಳಿದ್ದು ಒಳ್ಳೆಯದಾಯಿತು. ನನ್ನ ಬಳಿಗೆ ಬರುವ ಇಂಥ ಪ್ರಶ್ನೆಗಳಲ್ಲಿ ಹೆಚ್ಚಿನವು ಬಣ್ಣವಾಗಿ ಎರಡು ಮಳೆಗಾಲ ಕಳೆದು, ಬಾಗಿಲಿನ ಕೆಳಗೆ ಗುಳ್ಳೆ ಎದ್ದ ಮೇಲೆ ಬರುತ್ತವೆ. ಅಷ್ಟರಲ್ಲಿ ತಗಡನ್ನು ಮತ್ತೆ ಕೊಯ್ಯುವುದು ಬಿಟ್ಟರೆ ಬೇರೆ ದಾರಿ ಉಳಿದಿರುವುದಿಲ್ಲ. ನಿಮಗೆ ಹೇಳಿದ ಮೂರು ಉಪಾಯಗಳ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ: ಸುಟ್ಟ ಆಯಿಲ್ ಬೇಡ, ಗೇರೆಣ್ಣೆ ಬೇಡ, ಫೋಮ್ ಅಂತೂ ಬೇಡವೇ ಬೇಡ. ಬೇಕಾದದ್ದು ಇಂಥ ಟೊಳ್ಳುಗಳಿಗೆಂದೇ ತಯಾರಾಗುವ ಮೇಣ, ಅಂದರೆ ಕ್ಯಾವಿಟಿ ವ್ಯಾಕ್ಸ್. ಆದರೆ ಆ ಮೇಣ ಕೊನೆಯ ದಿನದ ಕೆಲಸ. ಅದಕ್ಕೂ ಮೊದಲು ಒಳಗಿನ ಮಣ್ಣು, ಉಪ್ಪು ಹೋಗಬೇಕು, ತಗಡು ಪೂರ್ತಿ ಒಣಗಬೇಕು, ನೀರು ಇಳಿದು ಹೋಗುವ ತೂತುಗಳು ತೆರೆದಿರಬೇಕು. ಇವಿಷ್ಟು ಆಗದೆ ಹೊಡೆದ ಮೇಣ ತುಕ್ಕಿನ ಮೇಲೆ ಹೊದಿಸಿದ ಹೊದಿಕೆಯಾಗುತ್ತದೆ, ಅಷ್ಟೆ.

ಇದಕ್ಕೆ ಇಷ್ಟು ಒತ್ತು ಕೊಡಲು ಕಾರಣವಿದೆ. ಫಿಯಟ್ 1100ರಿಂದ ಬಂದ ಪದ್ಮಿನಿಗಾಗಲಿ, ಮಾರಿಸ್ ಆಕ್ಸ್‌ಫರ್ಡ್‌ನಿಂದ ಬಂದ ಅಂಬಾಸಿಡರಿಗಾಗಲಿ ಜೀಪು, ಲಾರಿಗಳಿಗೆ ಇರುವಂಥ ಪ್ರತ್ಯೇಕ ಚಾಸಿ ಇಲ್ಲ. ಒಂದು ಮಿಲಿಮೀಟರಿನ ಆಸುಪಾಸಿನ ತಗಡನ್ನು ಮಡಚಿ, ಎರಡು ಮೂರು ಪದರ ಸೇರಿಸಿ, ಸ್ಪಾಟ್ ವೆಲ್ಡಿಂಗ್ ಮಾಡಿ ಕಟ್ಟಿದ ಪೆಟ್ಟಿಗೆಗಳೇ ಇವುಗಳ ಬೆನ್ನೆಲುಬು. ಬಾಗಿಲಿನಡಿಯ ರನ್ನಿಂಗ್ ಬೋರ್ಡ್, ಎಂಜಿನ್ನಿನ ಎರಡು ಬದಿಯ ಉದ್ದ ಕಾಲುಗಳು, ಪ್ಲಾಟ್‌ಫಾರ್ಮಿನ (ಕಾರಿನ ನೆಲದ ತಗಡಿನ) ಅಡಿಯ ಅಡ್ಡಪಟ್ಟಿಗಳು, ಹಿಂದಿನ ಪಟ್ಟಾ ಸ್ಪ್ರಿಂಗ್ ಕಚ್ಚಿಕೊಳ್ಳುವ ಜಾಗ, ಬಾಗಿಲಿನ ಪಿಲ್ಲರುಗಳು, ಇವೆಲ್ಲ ಒಳಗೆ ಟೊಳ್ಳು. ಬಾನೆಟ್ ತುಕ್ಕು ಹಿಡಿದರೆ ಕಾರು ಅಂದಗೆಡುತ್ತದೆ. ಈ ಪೆಟ್ಟಿಗೆಗಳು ತುಕ್ಕು ಹಿಡಿದರೆ ಜಾಕಿ ಕೊಟ್ಟಾಗ ಬಾಗಿಲು ಮುಚ್ಚದಂತಾಗುತ್ತದೆ, ಅಪಘಾತವಾದಾಗ ಒಳಗೆ ಕುಳಿತವರನ್ನು ಕಾಯಬೇಕಾದ ಬಲವೇ ಇರುವುದಿಲ್ಲ.

ಮಳೆಗೆ ತೆಗೆಯದೆ ಶೆಡ್ಡಿನಲ್ಲೇ ನಿಂತ ಕಾರಿಗೂ ನಿಮ್ಮ ಊರಿನಲ್ಲಿ ತುಕ್ಕು ಹಿಡಿಯುವುದು ಏಕೆ ಎಂಬುದು ಅರ್ಥವಾದರೆ ಮುಂದಿನ ಕೆಲಸವೆಲ್ಲ ತಾನಾಗಿ ಅರ್ಥವಾಗುತ್ತದೆ. ಅಡುಗೆ ಉಪ್ಪು, ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡಾ 75ರ ಸುಮಾರಿಗೆ ಮುಟ್ಟಿದೊಡನೆ ಗಾಳಿಯಿಂದಲೇ ನೀರನ್ನು ಹೀರಿ ಕರಗತೊಡಗುತ್ತದೆ. ಸಮುದ್ರದ ಉಪ್ಪಿನಲ್ಲಿ ಮೆಗ್ನೀಸಿಯಂ ಕ್ಲೋರೈಡ್ ಕೂಡ ಇರುವುದರಿಂದ ಅದು ಇನ್ನೂ ಒಣ ಗಾಳಿಯಲ್ಲೇ ಒದ್ದೆಯಾಗುತ್ತದೆ. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಭರಣಿ ಕಣ್ಣೀರಿಡುವುದನ್ನು ನೀವು ನೋಡಿಯೇ ಇದ್ದೀರಿ. ಸಮುದ್ರದ ಗಾಳಿ ತಂದು ಟೊಳ್ಳಿನೊಳಗೆ ಬಿಟ್ಟ ಉಪ್ಪು ಮಾಡುವುದೂ ಅದನ್ನೇ. ಅದರ ಮೇಲೆ, ರಾತ್ರಿ ತಗಡು ತಣಿದಾಗ ಒಳಗಿನ ಗಾಳಿಯ ತೇವ ಹನಿಗಟ್ಟುತ್ತದೆ. ಹೊರಮೈಯ ಹನಿ ಬೆಳಗಿನ ಬಿಸಿಲಿಗೆ ಒಂದು ಗಂಟೆಯಲ್ಲಿ ಆರಿದರೆ, ಒಳಗಿನದು ಗಾಳಿಯಾಡದ ಕಾರಣ ಮಧ್ಯಾಹ್ನವಾದರೂ ಉಳಿಯುತ್ತದೆ.

ಎಲ್ಲಕ್ಕಿಂತ ಕೆಟ್ಟದ್ದು ಎರಡು ತಗಡುಗಳು ಒಂದರ ಮೇಲೊಂದು ಕುಳಿತ ಅಂಚು. ಕೂದಲೆಳೆಯಷ್ಟು ಸಂದಿಗೆ ನೀರು ತಾನಾಗಿ ಏರಿ ಕೂರುತ್ತದೆ. ಸಂದಿಯ ಬಾಯಿಗೆ ಆಮ್ಲಜನಕ ಸಿಗುತ್ತದೆ, ಒಳತುದಿಗೆ ಸಿಗುವುದಿಲ್ಲ. ಈ ವ್ಯತ್ಯಾಸವೇ ಒಂದು ಪುಟ್ಟ ಬ್ಯಾಟರಿಯಂತೆ ಕೆಲಸ ಮಾಡಿ, ಗಾಳಿ ಸಿಗದ ಒಳಭಾಗದ ಕಬ್ಬಿಣವೇ ಮೊದಲು ಕರಗುವಂತೆ ಮಾಡುತ್ತದೆ. ಕಬ್ಬಿಣ ತುಕ್ಕಾದಾಗ ಗಾತ್ರ ಹಲವು ಪಟ್ಟು ಹಿಗ್ಗುವುದರಿಂದ ಎರಡು ಸ್ಪಾಟ್‌ಗಳ ನಡುವೆ ತಗಡು ಉಬ್ಬುತ್ತದೆ, ಸಂದಿ ಇನ್ನಷ್ಟು ಅಗಲವಾಗುತ್ತದೆ, ಇನ್ನಷ್ಟು ನೀರು ಹಿಡಿಯುತ್ತದೆ. ಬ್ರಷ್ಷಾಗಲಿ ಸ್ಪ್ರೇ ಬಣ್ಣವಾಗಲಿ ಈ ಸಂದಿಯನ್ನು ಹೊಕ್ಕು ಕೂರಲಾರದು; ಹರಿದು ಹೊಕ್ಕು, ಹೊಕ್ಕಲ್ಲಿ ಮೆತ್ತಗೆ ಉಳಿಯುವ ವಸ್ತುವೇ ಬೇಕು ಎನ್ನುವುದಕ್ಕೆ ಇದೇ ಕಾರಣ.

ಈಗ ನಿಮ್ಮ ಬಲಬದಿಯ ವಿಚಾರ. ಗಟ್ಟಿಯಿದೆ ಎಂಬ ಮಾತನ್ನು ದಯವಿಟ್ಟು ಹಾಗೇ ಒಪ್ಪಬೇಡಿ. ಎಡಬದಿ ಕೊಯ್ದು ಹಾಕುವಷ್ಟು ಹಾಳಾಗಿದ್ದರೆ, ಅದೇ ಉಪ್ಪಿನ ಗಾಳಿ ಕುಡಿದ ಬಲಬದಿ ಒಳಗಿನಿಂದ ಚೊಕ್ಕವಾಗಿರುವ ಸಂಭವ ಕಡಿಮೆ. ಸ್ಕ್ರೂಡ್ರೈವರಿನ ಹಿಡಿಯಿಂದ ರನ್ನಿಂಗ್ ಬೋರ್ಡಿನ ತಳವನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಬಡಿಯುತ್ತಾ ಹೋಗಿ. ಒಳ್ಳೆಯ ತಗಡು ಟಣ್ ಎನ್ನುತ್ತದೆ. ತುಕ್ಕಿನ ಹಪ್ಪಳ ಒಳಗೆ ಕೂತಲ್ಲಿ ದಬ್ ಎಂಬ ಸದ್ದು ಬರುತ್ತದೆ, ಬಡಿದಾಗ ಒಳಗೆ ಮರಳು ಜಾರಿದಂತೆ ಕೇಳುತ್ತದೆ. ಬಳಿಕ ಮೊಬೈಲಿಗೆ ಜೋಡಿಸುವ ಸಣ್ಣ ಎಂಡೋಸ್ಕೋಪ್ ಕ್ಯಾಮೆರಾ ಕೊಂಡುಕೊಳ್ಳಿ. ಸಾವಿರ ರೂಪಾಯಿಯ ಆಸುಪಾಸಿನದು ಸಾಕು. ಕಾರ್ಪೆಟ್ಟಿನ ಕೆಳಗಿನ ರಬ್ಬರ್ ಬಿರಡೆ ತೆಗೆದ ತೂತಿನಿಂದ ಅದನ್ನು ಒಳಗೆ ಬಿಟ್ಟು ನೋಡಿ. ಕಂದು ಪುಡಿ ಮೇಲ್ಮೈಯಲ್ಲಿ ಮಾತ್ರ ಕಂಡರೆ ಆ ತಗಡನ್ನು ಉಳಿಸಬಹುದು. ಪದರ ಪದರವಾಗಿ ಎದ್ದಿದ್ದರೆ, ಚೂಪಾದ ಸೂಜಿಯಂಥ ಉಳಿಯಿಂದ ಹೊರಗಿನಿಂದ ಒತ್ತಿ. ತಗ್ಗಾದರೆ ಅದನ್ನೂ ಕೊಯ್ಯಲು ಹೇಳಿ. ಯಾವ ಮೇಣಕ್ಕೂ ಹೋದ ತಗಡನ್ನು ಮರಳಿ ತರುವ ಶಕ್ತಿಯಿಲ್ಲ.

ಹೀಗೆ ಒಂದು ಪದ್ಮಿನಿಯ ರನ್ನಿಂಗ್ ಬೋರ್ಡನ್ನು ಉಳಿಯಿಂದ ಸೀಳಿ ತೆರೆದದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಹೊರಗೆ ಬಣ್ಣ ಹೊಳೆಯುತ್ತಿತ್ತು. ಒಳಗೆ ಎರಡು ಬೊಗಸೆ ಕೆಮ್ಮಣ್ಣು, ಅದರೊಂದಿಗೆ ಕಲಸಿಕೊಂಡ ತುಕ್ಕಿನ ಹಪ್ಪಳ, ತಳದಲ್ಲಿ ಇನ್ನೂ ಆರದ ಕೆಸರು. ನೀರಿಳಿಯಬೇಕಾದ ತೂತನ್ನು ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿ ಬಿಗಿಯಾಗಿ ಮುಚ್ಚಿತ್ತು; ಬೆರಳುಗುರಿನಷ್ಟು ಗೂಡು, ಅದರ ಹಿಂದೆ ಮಳೆಗಾಲದ ನೀರೆಲ್ಲ ನಿಂತು ಆ ಕಾರನ್ನು ತಿಂದಿತ್ತು. ನಿಮ್ಮ ಕಾರಿನ ಬಾಗಿಲುಗಳ ತಳ, ರನ್ನಿಂಗ್ ಬೋರ್ಡಿನ ತಳ, ಡಿಕ್ಕಿಯ ಮೂಲೆಗಳಲ್ಲಿರುವ ಪ್ರತಿ ತೂತಿಗೂ ತಂತಿ ಹಾಕಿ ನೋಡಿ. ಇನ್ನೊಂದು ಎಚ್ಚರ: ಬಣ್ಣದವರು ನೀಟಾಗಿ ಕಾಣಲೆಂದು ಈ ತೂತುಗಳನ್ನೂ ಬಾಗಿಲಿನ ತಳದ ಸಂದಿಗಳನ್ನೂ ಪುಟ್ಟಿ ಅಥವಾ ಸೀಲರ್ ಹಾಕಿ ಮುಚ್ಚುವುದುಂಟು. ಅವೆಲ್ಲವನ್ನೂ ಚಾಕ್‌ಪೀಸಿನಿಂದ ಗುರುತು ಮಾಡಿ, ಮುಚ್ಚಕೂಡದೆಂದು ಎದುರು ನಿಂತು ಹೇಳಿ.

ಶುಚಿ ಮಾಡುವ ಕ್ರಮ ಹೀಗೆ. ಮೊದಲು ಒಣಗಿದ ಮಣ್ಣನ್ನು ಕಂಪ್ರೆಸರ್ ಗಾಳಿಯಿಂದ ಎಬ್ಬಿಸಿ, ಇನ್ನೊಂದು ತೂತಿನಲ್ಲಿ ವ್ಯಾಕ್ಯೂಮ್ ಕ್ಲೀನರ್ ಹಿಡಿದು ಎಳೆಯಬೇಕು. ಎದ್ದ ಹಪ್ಪಳವನ್ನು ಉದುರಿಸಲು ಸೈಕಲ್ಲಿನ ಹಳೆಯ ಬ್ರೇಕ್ ಕೇಬಲ್ ಬಹಳ ಉಪಯುಕ್ತ: ಒಂದು ತುದಿಯ ಎಳೆಗಳನ್ನು ಎರಡು ಇಂಚು ಬಿಡಿಸಿ, ಇನ್ನೊಂದು ತುದಿಯನ್ನು ಡ್ರಿಲ್ಲಿಗೆ ಕಚ್ಚಿಸಿ, ಬಿಡಿಸಿದ ತುದಿಯನ್ನು ಟೊಳ್ಳಿನೊಳಗೆ ಬಿಟ್ಟ ಮೇಲಷ್ಟೇ ಡ್ರಿಲ್ಲನ್ನು ನಿಧಾನವಾಗಿ ತಿರುಗಿಸಬೇಕು, ಕನ್ನಡಕ, ಕೈಗವಸು ಇರಲೇಬೇಕು. ತುಕ್ಕು ತೆಗೆಯಲು ಗಾಳಿಯ ಒತ್ತಡದಲ್ಲಿ ಮರಳು ಹೊಡೆಸುವುದನ್ನು ಮುಚ್ಚಿದ ಪೆಟ್ಟಿಗೆಗಳ ಮಟ್ಟಿಗೆ ನಾನು ಒಪ್ಪುವುದಿಲ್ಲ, ಏಕೆಂದರೆ ಒಳಗೆ ಉಳಿದ ಮರಳು ಸಂದಿಗಳಲ್ಲಿ ಕೂತು ತೇವ ಹಿಡಿಯುತ್ತದೆ.

ನಂತರ ಸಿಹಿನೀರಿನಿಂದ ತೊಳೆಯಬೇಕು. ಹೊಳೆಬಾಯಿಯ ಹತ್ತಿರದ ಬಾವಿಗಳಲ್ಲಿ ಬೇಸಿಗೆಯಲ್ಲಿ ಉಪ್ಪುನೀರು ಬೆರೆಯುವುದರಿಂದ ಮೊದಲು ಆ ನೀರನ್ನು ಬಾಯಿಗೆ ಹಾಕಿ ನೋಡಿ. ಸಂದೇಹವಿದ್ದರೆ ಹಿಡಿದಿಟ್ಟ ಮಳೆನೀರು ಬಳಸಿ. ಹೊರಬಂದ ನೀರಿನಲ್ಲಿ ಇನ್ನೂ ಉಪ್ಪಿದೆಯೇ ಎಂದು ತಿಳಿಯುವ ಸುಲಭ ದಾರಿಯೊಂದಿದೆ. ಪಿಯುಸಿಯ ರಸಾಯನಶಾಸ್ತ್ರದ ಪ್ರಯೋಗಶಾಲೆಯಲ್ಲಿ ಮಾಡಿದ ನೆನಪಿರಬಹುದು: ಸೋಸಿದ ನೀರಿಗೆ ಸಿಲ್ವರ್ ನೈಟ್ರೇಟ್ ದ್ರಾವಣದ ನಾಲ್ಕು ಹನಿ ಹಾಕಿದರೆ, ಕ್ಲೋರೈಡ್ ಇದ್ದಲ್ಲಿ ಹಾಲಿನಂತೆ ಬೆಳ್ಳಗಾಗುತ್ತದೆ. ಅದೇ ಪರೀಕ್ಷೆಯನ್ನು ತೊಳೆಯಲು ಬಳಸಿದ ನೀರಿಗೂ ಮಾಡಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ವ್ಯತ್ಯಾಸ ಕಾಣದಾದಾಗ ತೊಳೆದದ್ದು ಸಾಕು. ಆ ಮೇಲೆ ಗಾಳಿ ಹೊಡೆದು, ಹಾಟ್ ಏರ್ ಬ್ಲೋವರ್ ಹಿಡಿದು, ಮೂರು ನಾಲ್ಕು ದಿನ ಒಳ್ಳೆಯ ಬಿಸಿಲಿನಲ್ಲಿ ಬಾಗಿಲು ತೆರೆದು ನಿಲ್ಲಿಸಿ. ಕರಾವಳಿಯಲ್ಲಿ ಈ ಕೆಲಸಕ್ಕೆ ಡಿಸೆಂಬರಿನಿಂದ ಏಪ್ರಿಲ್‌ವರೆಗಿನ ಕಾಲವೇ ಸರಿ. ಮೇ ಕೊನೆಯಲ್ಲಿ ಮಳೆಗೆ ಮುಂಚೆ ಮುಗಿಸಿಬಿಡೋಣ ಎಂದು ಅವಸರ ಮಾಡುವವರೇ ತೇವವನ್ನು ಒಳಗಿಟ್ಟು ಮುಚ್ಚುವುದು.

ತುಕ್ಕನ್ನು ಕಪ್ಪಾಗಿಸುವ ಆಮ್ಲದ ಔಷಧ, ಅಂದರೆ ರಸ್ಟ್ ಕನ್ವರ್ಟರ್, ಇಲ್ಲಿ ಬೇಕೇ ಎಂದು ಕೇಳುವಿರಿ. ತೆರೆದ ತಗಡಿಗೆ, ಕಣ್ಣಿಗೆ ಕಾಣುವ ಜಾಗಕ್ಕೆ ಅದು ಒಳ್ಳೆಯದೇ. ಮುಚ್ಚಿದ ಟೊಳ್ಳಿಗೆ ಬೇಡ ಎಂಬುದು ನನ್ನ ಅಭಿಪ್ರಾಯ. ಏಕೆಂದರೆ ಅದು ತುಕ್ಕಿನೊಂದಿಗೆ ಸೇರಿ ಮುಗಿಯದೆ ಉಳಿದ ಫಾಸ್ಫಾರಿಕ್ ಆಮ್ಲವು ತಳದ ಸಂದಿಗಳಿಗೆ ಇಳಿದು ಕೂರುತ್ತದೆ, ಅದನ್ನು ತೊಳೆದು ತೆಗೆದೆವೋ ಇಲ್ಲವೋ ನೋಡಲು ನಮಗೆ ದಾರಿಯಿಲ್ಲ.

ಎಡಬದಿಯನ್ನು ಮುಚ್ಚುವ ಮುನ್ನ ಒಳಮೈಗೆ ಏನು ಹಚ್ಚಿದ್ದರು ಎಂದು ಮೇಸ್ತ್ರಿಯನ್ನು ಕೇಳಿ. ಬಲಬದಿ ತೆರೆಯುವುದಾದರೆ ಹೀಗೆ ಮಾಡಿಸಿ: ಹೊಸ ತಗಡಿನ ಒಳಮೈಗೆ ಎಪಾಕ್ಸಿ ಪ್ರೈಮರ್, ಒಂದರ ಮೇಲೊಂದು ಕೂರುವ ಅಂಚುಗಳಿಗೆ, ವೆಲ್ಡಿಂಗ್‌ಗೆ ತಾಳುವ ಸತುವಿನ ಪ್ರೈಮರ್, ಆಮೇಲೆ ವೆಲ್ಡಿಂಗ್. ಸತು 420 ಡಿಗ್ರಿ ಸೆಲ್ಸಿಯಸ್ ಹತ್ತಿರ ಕರಗುವುದರಿಂದ ಬೆಸುಗೆಯ ಬಿಂದುವಿನಲ್ಲೇ ಅದು ಉಳಿಯದು, ಆದರೆ ಸುತ್ತಲಿನ ಅಂಚನ್ನು ಕಾಯುತ್ತದೆ. ಸತುವಿನ ಹೊಗೆ ಜ್ವರ ತರುವಂಥದ್ದು, ಆದ್ದರಿಂದ ಗಾಳಿಯಾಡುವ ಕಡೆ ಕೆಲಸವಾಗಲಿ. ಸಾಧ್ಯವಾದರೆ ಮಿಗ್ ವೆಲ್ಡಿಂಗ್, ಅಂದರೆ ವಿದ್ಯುತ್ತಿನಿಂದ ತಂತಿ ಕರಗಿಸಿ ಬೆಸೆಯುವ ವೆಲ್ಡಿಂಗ್, ಮಾಡಿಸಿ. ಗ್ಯಾಸಿನ ಬೆಂಕಿ ಅಂಗೈಯಗಲಕ್ಕೆ ಒಳಗಿನ ಪ್ರೈಮರನ್ನು ಸುಡುತ್ತದೆ. ಹಿತ್ತಾಳೆ ಬೆಸುಗೆ ಹಾಕಿದ್ದರೆ ಬಿಳಿಗಾರದ ಗಾಜಿನಂಥ ಕಿಟ್ಟವನ್ನು ಕುಟ್ಟಿ ಉದುರಿಸಿ ಬಿಸಿನೀರಿನಿಂದ ತೊಳೆಸಿ. ಇಷ್ಟಾದರೂ ಬೆಸುಗೆಯ ಹಿಂಭಾಗದ ಸುಟ್ಟ ಗೆರೆ ಬರಿಯ ಕಬ್ಬಿಣವಾಗಿ ಉಳಿದೇ ಉಳಿಯುತ್ತದೆ, ಮೇಣ ಮುಖ್ಯವಾಗಿ ತಲುಪಬೇಕಾದದ್ದು ಅಲ್ಲಿಗೆ.

ಈಗ ಆ ಮೂರು ಉಪಾಯಗಳು. ಸುಟ್ಟ ಆಯಿಲ್ ಹೊಡೆಯುವ ಪದ್ಧತಿ ಘಟ್ಟದ ಮೇಲೂ ಕೆಳಗೂ ಇದೆ, ಮೇಸ್ತ್ರಿಯ ಮಾತಿನಲ್ಲಿ ಅರ್ಧ ಸತ್ಯವೂ ಇದೆ: ಎಣ್ಣೆಯ ಪದರ ಇರುವಷ್ಟು ದಿನ ನೀರು ತಗಡನ್ನು ಮುಟ್ಟುವುದಿಲ್ಲ. ಆದರೆ ಆ ಪದರ ನಿಲ್ಲುವುದಿಲ್ಲ, ಬಿಸಿಲಿಗೆ ತೆಳುವಾಗಿ ಒಂದೆರಡು ತಿಂಗಳಲ್ಲಿ ಸೋರಿಹೋಗುತ್ತದೆ. ಎಂಜಿನ್ನಿನಲ್ಲಿ ಇಂಧನ ಸುಟ್ಟಾಗ ಹುಟ್ಟಿದ ಆಮ್ಲಗಳು ಅದರಲ್ಲಿ ಬೆರೆತಿರುತ್ತವೆ, ಚರ್ಮಕ್ಕೆ ಅದು ಒಳ್ಳೆಯದಲ್ಲ, ಬುಷ್ಷು ಬೀಡಿಂಗುಗಳ ರಬ್ಬರು ಅದರಿಂದ ಉಬ್ಬಿ ಹಾಳಾಗುತ್ತದೆ, ಮುಂದೆ ಅಲ್ಲಿ ವೆಲ್ಡಿಂಗ್ ಮಾಡುವವನಿಗೆ ಅಪಾಯ. ಡೀಸೆಲ್ ಬೆರೆಸಿ ಹೊಡೆದಿದ್ದ ಒಂದು ಕಾರಿಗೆ ಪ್ಯಾಚ್ ಹಾಕುವಾಗ ರನ್ನಿಂಗ್ ಬೋರ್ಡಿನ ಒಳಗೇ ಬೆಂಕಿ ಹಿಡಿದು, ಜ್ವಾಲೆ ಕಾಣದೆ ಕಾರ್ಪೆಟ್ ಹೊಗೆಯಾಡಿದ್ದನ್ನು ನಾನು ಎದುರಿಗೇ ನೋಡಿದ್ದೇನೆ.

ಗೇರೆಣ್ಣೆ ನಮ್ಮ ಕರಾವಳಿಯ ದೋಣಿಗಳನ್ನು ತಲೆಮಾರುಗಳಿಂದ ಕಾಯ್ದದ್ದು ನಿಜ. ಆದರೆ ಅದು ಮರಕ್ಕೆ ಹೇಳಿದ ಎಣ್ಣೆ. ಮರ ಅದನ್ನು ಕುಡಿಯುತ್ತದೆ, ಹುಳು ಅದಕ್ಕೆ ಅಂಜುತ್ತದೆ. ಅದರ ಅನಕಾರ್ಡಿಕ್ ಆಮ್ಲ, ಕಾರ್ಡಾಲ್‌ಗಳು ಕೈಗೆ ತಗುಲಿದರೆ ಸುಟ್ಟಂತೆ ಬೊಬ್ಬೆ ಬರುತ್ತದೆ. ಅದನ್ನು ಒತ್ತಡದಲ್ಲಿ ಮಂಜಿನಂತೆ ಎರಚುವುದನ್ನು ಯೋಚಿಸಲೂಬಾರದು. ಕಾಲಕ್ರಮದಲ್ಲಿ ಗಟ್ಟಿಯಾಗುವ ಆ ಪದರ ತಗಡಿನೊಂದಿಗೆ ಬಾಗುವುದೂ ಇಲ್ಲ. ಇನ್ನು ಫೋಮ್: ಅದು ತಗಡಿಗೆ ಎಲ್ಲ ಕಡೆಯೂ ಅಂಟುವುದಿಲ್ಲ, ಅಂಟದ ಎಡೆಯಲ್ಲಿ ನೀರು ಇಳಿಯುತ್ತದೆ, ಇಳಿದ ನೀರು ಹೊರಬರುವ ದಾರಿಯನ್ನು ಫೋಮೇ ಮುಚ್ಚಿರುತ್ತದೆ. ಒಮ್ಮೆ ತುಂಬಿಸಿದರೆ ತೆಗೆಯಲು ಪೆಟ್ಟಿಗೆಯನ್ನೇ ಕೊಯ್ಯಬೇಕು.

ಅಂಗಡಿಗಳಲ್ಲಿ ಆಂಟಿ ರಸ್ಟ್ ಎಂದು ಕಾರಿನ ಅಡಿಗೆ ಹೊಡೆಯುವ ಕಪ್ಪು ಡಾಂಬರಿನಂಥ ಕೋಟಿಂಗನ್ನು ಈ ಮೇಣವೆಂದು ತಿಳಿಯಬೇಡಿ. ಅದು ಕಲ್ಲೇಟು ತಡೆಯಲು ಹೊರಮೈಗೆ ಇರುವುದು. ಟೊಳ್ಳಿನೊಳಗೆ ಹೋದರೆ ಗಟ್ಟಿಯಾಗಿ ಬಿರುಕು ಬಿಟ್ಟು, ಬಿರುಕಿನ ಹಿಂದೆ ನೀರು ಹಿಡಿಯುತ್ತದೆ. ಕ್ಯಾವಿಟಿ ವ್ಯಾಕ್ಸ್ ಎಂದೇ ಡಬ್ಬಿಯ ಮೇಲೆ ಬರೆದಿರಬೇಕು. 3ಎಂ, ವುರ್ತ್ ಮುಂತಾದ ಕಂಪನಿಗಳದು ನಮ್ಮಲ್ಲಿ ಸಿಗುತ್ತದೆ. ದ್ರಾವಕದಲ್ಲಿ ಕರಗಿದ ಮೇಣವೂ ತುಕ್ಕು ತಡೆಯುವ ರಾಸಾಯನಿಕವೂ ಅದರಲ್ಲಿರುತ್ತವೆ. ಹೊಡೆದಾಗ ತೆಳ್ಳಗಿದ್ದು ಸಂದಿಗೆ ಹರಿಯುತ್ತದೆ, ದ್ರಾವಕ ಆರಿದ ಮೇಲೆ ಜಿಡ್ಡಾದ ಮೆತ್ತನೆಯ ಪದರವಾಗಿ ಉಳಿಯುತ್ತದೆ, ಗೀರು ಬಿದ್ದರೆ ಬಿಸಿಲಿನ ಕಾವಿಗೆ ತಾನೇ ಸ್ವಲ್ಪ ಕೂಡಿಕೊಳ್ಳುತ್ತದೆ.

ಇದನ್ನು ಬಣ್ಣವೆಲ್ಲ ಮುಗಿದ ಮೇಲೆ ಹೊಡೆಯಬೇಕು. ಮುಂಚೆ ಹೊಡೆದರೆ ಬಣ್ಣ ಒಣಗಿಸುವ ಬೂತಿನ ಕಾವಿಗೆ ಮೇಣ ಕರಗಿ ಸಂದಿಗಳಿಂದ ಜಿನುಗಿ ಬಣ್ಣದಲ್ಲಿ ಮೀನುಕಣ್ಣಿನಂಥ ಕಲೆ ಬೀಳುತ್ತದೆ. ಕಂಪ್ರೆಸರಿಗೆ ಜೋಡಿಸುವ ಗನ್ನಿಗೆ ಸುಮಾರು ಒಂದು ಮೀಟರ್ ಉದ್ದದ ನೈಲಾನ್ ನಳಿಗೆ ಇರಲಿ, ಅದರ ಮೂತಿ ಸುತ್ತಲೂ ಸಿಂಪಡಿಸುವಂಥದ್ದಾಗಿರಲಿ. ಕಾರಿಗೆ ಹಾಕುವ ಮೊದಲು ಖಾಲಿ ನೀರಿನ ಬಾಟಲಿಯೊಳಗೆ ನಳಿಗೆ ತೂರಿಸಿ ಒಂದು ಕ್ಷಣ ಒತ್ತಿ ನೋಡಿ. ಒಳಗೋಡೆ ಸುತ್ತಲೂ ಒಂದೇ ಸಮ ಮಂಜಾದರೆ ಮೂತಿ ಸರಿಯಿದೆ, ಒಂದೇ ಕಡೆ ಧಾರೆಯಾದರೆ ಕಟ್ಟಿದೆ. ನಳಿಗೆಯನ್ನು ಟೊಳ್ಳಿನ ಕೊನೆಯವರೆಗೆ ತಳ್ಳಿ, ಒತ್ತುತ್ತಾ ನಿಧಾನವಾಗಿ ಹಿಂದೆಳೆಯಬೇಕು. ಮೂತಿ ಹೊರಬರುವ ಗುರುತಿಗೆ ನಳಿಗೆಯ ಮೇಲೆ ಟೇಪು ಸುತ್ತಿಕೊಳ್ಳಿ. ಮೊದಲು ತೆಳು ಪದರ, ಅದು ಸಂದಿಗಳಿಗೆ ಇಳಿಯಲು ಒಂದು ದಿನ ಬಿಟ್ಟು ಎರಡನೆಯದು. ತಳದ ಅಂಚಿನಿಂದ ಮೇಣ ಜಿನುಗಿ ಹೊರಗೆ ಕಂಡರೆ ಅದು ತಲುಪಬೇಕಾದಲ್ಲಿಗೆ ತಲುಪಿದೆ. ಈ ಗಾತ್ರದ ಕಾರಿಗೆ ನನಗೆ 4ರಿಂದ 5 ಲೀಟರ್ ಹಿಡಿಯುತ್ತದೆ. ಆಮೇಲೆ ಎಲ್ಲ ತೂತುಗಳಿಗೂ ಮತ್ತೆ ತಂತಿ ಹಾಕಿ ಬಿಡಿಸಿ. ಬ್ರೇಕ್, ಸೈಲೆನ್ಸರ್, ಸೀಟ್ ಬೆಲ್ಟುಗಳಿಗೆ ತಾಗದಂತೆ ಮುಚ್ಚಿಕೊಂಡಿರಬೇಕು. ಬ್ಯಾಟರಿ ಕಳಚಿಡಿ, ಹತ್ತಿರದಲ್ಲಿ ಬೆಂಕಿ ಬೇಡ, ಬಟ್ಟೆಯ ಮಾಸ್ಕ್ ಸಾಲದು, ದ್ರಾವಕದ ಆವಿ ತಡೆಯುವ ಕಾರ್ಟ್ರಿಜ್ ಮಾಸ್ಕ್ ಹಾಕಿಕೊಳ್ಳಿ.

ಮೊದಲೇ ಇರುವ ತೂತುಗಳಿಂದ ತಲುಪದ ಟೊಳ್ಳಿಗೆ ಹೊಸದು ಕೊರೆಯಲು ಹೆದರಬೇಕಿಲ್ಲ. ಅಮೆರಿಕದ ಡೆಟ್ರಾಯಿಟ್‌ನಲ್ಲಿ 1959ರಲ್ಲಿ ಆರಂಭವಾದ ಝೀಬಾರ್ಟ್ ಕಂಪನಿ ಬೆಳೆದದ್ದೇ ಹೀಗೆ ಕೊರೆದು, ಒಳಗೆ ಸಿಂಪಡಿಸಿ, ಬಿರಡೆ ಹಾಕುವ ಕೆಲಸದಿಂದ. ಆದರೆ ಬಾಗಿಲು ತೆರೆದಾಗ ಕಾಣುವ ಒಳಬದಿಯಲ್ಲಿ ಕೊರೆಯಿರಿ, ಚಕ್ರದ ನೀರು ಹಾರುವ ಕಡೆ ಬೇಡ. ಮಡಿಕೆಯ ಮೇಲೆ, ಸ್ಪಾಟ್ ಸಾಲಿನ ಮೇಲೆ, ಸ್ಪ್ರಿಂಗ್ ಕಚ್ಚುವ ಜಾಗದ ಹತ್ತಿರ ಕೂಡದು. ಕೊರೆಯುವುದನ್ನು ಬಣ್ಣಕ್ಕೆ ಮುಂಚೆ ಮುಗಿಸಿ, ಅಂಚು ಉಜ್ಜಿ ಪ್ರೈಮರ್ ಹಚ್ಚಿ, ಉದುರಿದ ಲೋಹದ ಚೂರನ್ನು ಅಯಸ್ಕಾಂತದಿಂದ ಎತ್ತಿ.

ಮೊದಲ ಮಳೆಗಾಲ ಕಳೆದ ಮೇಲೆ, ಅಕ್ಟೋಬರ್ ಕೊನೆಯಲ್ಲಿ, ಬಿರಡೆ ತೆಗೆದು ಅದೇ ಕ್ಯಾಮೆರಾ ಒಳಗೆ ಬಿಡಿ. ಮೇಣ ಹೊಳೆಯುತ್ತಿದ್ದರೆ ಮುಟ್ಟಬೇಡಿ. ಎಲ್ಲಿ ಕಂದು ಚುಕ್ಕಿ ಕಂಡರೆ ಅಲ್ಲಿಗಷ್ಟೇ ಮತ್ತೆ ಹೊಡೆಯಿರಿ. ನಿಮ್ಮಷ್ಟು ಸಮುದ್ರಕ್ಕೆ ಹತ್ತಿರವಿರುವವರಿಗೆ ಎರಡು ವರ್ಷಕ್ಕೊಮ್ಮೆ ಒಂದು ತೆಳು ಪದರ ಬೇಕಾಗುತ್ತದೆ. ಶೆಡ್ಡಿನಲ್ಲಿ ನಿಲ್ಲಿಸುವಾಗ ಟಾರ್ಪಾಲನ್ನು ನೆಲದವರೆಗೆ ಬಿಗಿದು ಕಟ್ಟಬೇಡಿ. ನೆಲ ಸಿಮೆಂಟಿನದಲ್ಲದಿದ್ದರೆ ಮಣ್ಣಿನಿಂದೇಳುವ ಆವಿಯೆಲ್ಲ ಕಾರಿನ ಅಡಿಗೇ ಬಂದು ನಿಲ್ಲುತ್ತದೆ. ಹತ್ತಿಯ ಹೊದಿಕೆ ಹಾಕಿ, ಕಿಟಕಿಯ ಗಾಜನ್ನು ಒಂದು ಬೆರಳಿನಷ್ಟು ಇಳಿಸಿ, ತಿಂಗಳಿಗೊಮ್ಮೆ ಬಿಸಿಲಿಗೆ ತಂದು ನಾಲ್ಕೂ ಬಾಗಿಲು ತೆರೆದಿಡಿ.